ಖಾತೆ ಯಾರ ಹೆಸರಿಗಿದೆ?

1986ರ ಆಗಸ್ಟ್ ತಿಂಗಳು. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಮೇಲುಗಡೆ ಗುಡ್ಡದಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯವಿದೆ. ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಅಲ್ಲಿ ದೂರದರ್ಶಕದ ಕೆಲಸ ಮಾಡುತ್ತಿದ್ದರು. ಅನುದಾನ ಮುಗಿಯಿತು. ಮನೆಗೆ ಕಳಿಸುವ ಬದಲು ಅವರನ್ನು ಕೆಳಗಿನ ಕಂಪ್ಯೂಟರ್ ಕೇಂದ್ರಕ್ಕೆ ಕಳಿಸಿದರು. ಹೊಸದಾಗಿ ಬಂದವರಿಗೆ ಎಲ್ಲಿಯೂ ಚಿಲ್ಲರೆ ಕೆಲಸವೇ ಮೊದಲು ಸಿಗುವುದು. ಸ್ಟಾಲ್‌ಗೆ ಸಿಕ್ಕಿದ್ದಂತೂ ಅಕ್ಷರಶಃ ಚಿಲ್ಲರೆ. ತಿಂಗಳ ಲೆಕ್ಕದಲ್ಲಿ 75 ಸೆಂಟ್ ತಾಳೆ ಬೀಳುತ್ತಿಲ್ಲ, ಯಾಕೆಂದು ನೋಡಿ ಎಂದರು.

ಆಗೆಲ್ಲ ಕಂಪ್ಯೂಟರನ್ನು ಬಳಸಿದ ಪ್ರತಿ ಸೆಕೆಂಡಿಗೂ ಲೆಕ್ಕವಿತ್ತು. ಯಾವ ವಿಭಾಗದ ಯಾರು ಎಷ್ಟು ಹೊತ್ತು ಯಂತ್ರ ಓಡಿಸಿದರು ಎಂದು ಬರೆದಿಟ್ಟು ತಿಂಗಳ ಕೊನೆಗೆ ಬಿಲ್ಲು ಕಳಿಸುತ್ತಿದ್ದರು. ಸ್ಟಾಲ್ ಹುಡುಕಿದಾಗ ‘ಹಂಟರ್’ ಎಂಬ ಹೆಸರಿನವನೊಬ್ಬ ಕೆಲವು ಸೆಕೆಂಡು ಯಂತ್ರ ಬಳಸಿದ್ದು ಕಂಡಿತು. ಅವನಿಗೆ ಬಿಲ್ಲು ಕಳಿಸಲು ವಿಳಾಸವೇ ಇರಲಿಲ್ಲ. ಯಾರೋ ತಪ್ಪಾಗಿ ಸೇರಿಸಿದ ಹೆಸರಿರಬೇಕು ಎಂದು ಅಳಿಸಿಹಾಕಿದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಕಳ್ಳ ಇನ್ನೊಂದು ಖಾತೆಯಲ್ಲಿ ಕಾಣಿಸಿಕೊಂಡ. ಈ ಸಲದ್ದು ಅಸಲಿ ಖಾತೆ, ಆದರೆ ಅದರ ಒಡೆಯ ಊರಲ್ಲೇ ಇರಲಿಲ್ಲ. ಫೋನ್ ಲೈನುಗಳಿಗೆ ಸಹೋದ್ಯೋಗಿಗಳ ಮೇಜಿನ ಮೇಲಿದ್ದ ಪ್ರಿಂಟರುಗಳನ್ನೆಲ್ಲ ತಂದು ಜೋಡಿಸಿ, ಕಳ್ಳ ಒತ್ತಿದ ಪ್ರತಿ ಅಕ್ಷರವನ್ನೂ ಕಾಗದದ ಮೇಲೆ ಹಿಡಿದು, ಸುಳ್ಳು ಕಡತಗಳ ಗಾಳ ಹಾಕಿ, ಸ್ಟಾಲ್ ಕೊನೆಗೆ ಮುಟ್ಟಿದ್ದು ಜರ್ಮನಿಯ ಹ್ಯಾನೋವರ್ ನಗರವನ್ನು. ಮಾರ್ಕಸ್ ಹೆಸ್ ಎಂಬಾತ ಈ ಪ್ರಯೋಗಾಲಯವನ್ನು ಮೆಟ್ಟಿಲು ಮಾಡಿಕೊಂಡು ಅಮೆರಿಕದ ಸೇನಾ ಕಂಪ್ಯೂಟರುಗಳ ಕದ ತಟ್ಟುತ್ತಿದ್ದ. ಸಿಕ್ಕಿದ್ದನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುವ ತಂಡದಲ್ಲಿದ್ದ. 1990ರಲ್ಲಿ ಅಲ್ಲಿನ ನ್ಯಾಯಾಲಯ ಅವನ ಮೇಲಿನ ಬೇಹುಗಾರಿಕೆಯ ಆರೋಪವನ್ನು ಎತ್ತಿಹಿಡಿಯಿತು.

ಆತ ಬೀಗ ಒಡೆಯಲು ಬಳಸಿದ ಆಯುಧಗಳಲ್ಲಿ ಮಹಾ ವಿದ್ಯೆಯೇನೂ ಇರಲಿಲ್ಲ. ‘ಗೆಸ್ಟ್’ ಎಂಬ ಹೆಸರಿಗೆ ‘ಗೆಸ್ಟ್’ ಎಂಬುದೇ ಪಾಸ್‌ವರ್ಡ್ ಇರಬಹುದೆಂದು ಪ್ರಯತ್ನಿಸುತ್ತಿದ್ದ. ಕಂಪ್ಯೂಟರ್ ಮಾರಿದ ಕಂಪನಿಯವರು ಹಾಕಿಕೊಟ್ಟ ಮೊದಲ ಪಾಸ್‌ವರ್ಡನ್ನು ಕೊಂಡವರು ಬದಲಿಸಿಯೇ ಇರಲಾರರು ಎಂದು ನಂಬಿದ್ದ. ಆ ನಂಬಿಕೆ ಅವನಿಗೆ ಮೋಸ ಮಾಡಲಿಲ್ಲ.

ಈ ಘಟನೆಯಲ್ಲಿ ಪತ್ತೇದಾರಿ ಕಾದಂಬರಿಗಿರುವ ಎಲ್ಲ ಸರಕೂ ಇದೆ. ಸ್ಟಾಲ್ 1989ರಲ್ಲಿ ಪುಸ್ತಕವನ್ನೇ ಬರೆದರು. ನನ್ನ ಗಮನ ಮಾತ್ರ ಆ 75 ಸೆಂಟಿನ ಮೇಲೆಯೇ ನಿಲ್ಲುತ್ತದೆ. ಕಳ್ಳ ಸಿಕ್ಕಿಬಿದ್ದದ್ದು ಕಾವಲಿನವರಿಂದಲ್ಲ, ಲೆಕ್ಕ ಬರೆಯುವವರಿಂದ.

ಕಂಪ್ಯೂಟರಿನ ‘ಅಕೌಂಟ್’ಗೆ ಆ ಹೆಸರು ಬಂದಿರುವುದೇ ಈ ಲೆಕ್ಕದ ನಂಟಿನಿಂದ. ಕನ್ನಡದಲ್ಲಿ ಅದನ್ನು ಖಾತೆ ಎಂದು ಕರೆದವರು ಯಾರೋ ಗೊತ್ತಿಲ್ಲ, ಪದವನ್ನಂತೂ ಚೆನ್ನಾಗಿ ಆರಿಸಿದ್ದಾರೆ. ಕಿರಾಣಿ ಅಂಗಡಿಯ ಉದ್ರಿ ಖಾತೆ ನೆನಪಿಸಿಕೊಳ್ಳಿ. ನಿಮ್ಮ ಮನೆಯ ಹುಡುಗ ಸಕ್ಕರೆ ತಂದನೋ ಪಕ್ಕದ ಮನೆಯ ಹುಡುಗ ನಿಮ್ಮ ಹೆಸರು ಹೇಳಿ ಬಿಸ್ಕೆಟ್ ತಂದನೋ, ಬರೆದದ್ದು ನಿಮ್ಮ ಹೆಸರಿಗೆ. ಬೆಂಗಳೂರಿನ ಸೈಟಿನ ಖಾತೆ ಇನ್ನೂ ಒಳ್ಳೆಯ ಹೋಲಿಕೆ. ಎ ಖಾತೆಯೋ ಬಿ ಖಾತೆಯೋ ಎಂದು ಕೇಳದೆ ಯಾರೂ ಜಾಗ ಕೊಳ್ಳುವುದಿಲ್ಲ, ಆದರೆ ಕಾನೂನು ಬಲ್ಲವರನ್ನು ಕೇಳಿ: ಖಾತೆ ಎಂದರೆ ಮಾಲೀಕತ್ವದ ಪತ್ರವಲ್ಲ. ತೆರಿಗೆ ಕಟ್ಟುವ ಹೊಣೆ ಯಾರದು ಎಂಬ ದಾಖಲೆ, ಅಷ್ಟೆ. ವಿಶ್ವವಿದ್ಯಾಲಯ ನಿಮಗೆ ಕೊಡುವ ಕಂಪ್ಯೂಟರ್ ಖಾತೆಯೂ ಹೀಗೆಯೇ. ಯಂತ್ರ ನಿಮ್ಮದಲ್ಲ, ಜಾಲ ನಿಮ್ಮದಲ್ಲ, ಇಮೇಲ್ ವಿಳಾಸವೂ ನಿಮ್ಮದಲ್ಲ. ಅದರ ಮೂಲಕ ನಡೆದದ್ದಕ್ಕೆ ಉತ್ತರ ಹೇಳಬೇಕಾದ ಹೆಸರು ಮಾತ್ರ ನಿಮ್ಮದು.

ಪಾಸ್‌ವರ್ಡ್ ಎಂಬುದು ಹುಟ್ಟಿದ್ದೂ ವಿಶ್ವವಿದ್ಯಾಲಯದ ಅಂಗಳದಲ್ಲಿಯೇ. 1961ರಲ್ಲಿ ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಅಲ್ಲಿಯವರೆಗೆ ಒಂದು ಕಂಪ್ಯೂಟರ್, ಒಂದು ಹೊತ್ತಿಗೆ ಒಬ್ಬರ ಕೆಲಸ. ಈ ಹೊಸ ವ್ಯವಸ್ಥೆಯಲ್ಲಿ ಹಲವರು ಹಲವು ಟರ್ಮಿನಲ್‌ಗಳ ಮುಂದೆ ಕೂತು ಒಂದೇ ಯಂತ್ರವನ್ನು ಏಕಕಾಲಕ್ಕೆ ಬಳಸಬಹುದಿತ್ತು. ಯಂತ್ರ ಕಣ್ಣು ಮಿಟುಕಿಸುವಷ್ಟು ಹೊತ್ತು ಒಬ್ಬರ ಕೆಲಸ ಮಾಡಿ, ಇನ್ನೊಬ್ಬರದಕ್ಕೆ ಹಾರಿ, ಮತ್ತೆ ಮೊದಲನೆಯವರ ಬಳಿಗೆ ಬರುತ್ತಿತ್ತು. ಹಳೆಯ ಮೈಸೂರಿನ ವಠಾರದ ಹಾಗೆ. ಅಂಗಳ ಒಂದೇ, ಬಾವಿ ಒಂದೇ, ಸಂಸಾರ ಮಾತ್ರ ಬೇರೆ ಬೇರೆ. ಇಂಥಲ್ಲಿ ನಿಮ್ಮ ಕಡತ ನಿಮ್ಮ ಬಾಗಿಲೊಳಗೆ ಇರಬೇಕು, ನೀವು ಸೇದುವ ನೀರಿಗೂ ಲೆಕ್ಕ ಬೇಕು. ಅದಕ್ಕಾಗಿ ಒಬ್ಬೊಬ್ಬರಿಗೆ ಒಂದು ಹೆಸರು, ಒಂದು ಗುಟ್ಟಿನ ಪದ.

ಪಾಸ್‌ವರ್ಡ್ ಕಳವಾಗಲು ತಡವೇನೂ ಆಗಲಿಲ್ಲ. ಅಲನ್ ಶೆರ್ ಎಂಬ ಪಿಎಚ್.ಡಿ. ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆ ಯಂತ್ರದ ಸಮಯ ಹಂಚಿಕೆಯಾಗಿತ್ತು. ಅವರ ಸಂಶೋಧನೆಗೆ ಅದು ಎಲ್ಲಿಗೂ ಸಾಲದು. 1962ರ ವಸಂತದ ಒಂದು ಶುಕ್ರವಾರ ರಾತ್ರಿ, ಪಾಸ್‌ವರ್ಡುಗಳ ಕಡತವನ್ನು ಮುದ್ರಿಸಿಕೊಡಬೇಕೆಂದು ರಂಧ್ರದ ಕಾರ್ಡಿನಲ್ಲಿ ಕೋರಿಕೆ ಹಾಕಿದರು. ಯಂತ್ರ ಏನೂ ಕೇಳದೆ ಮುದ್ರಿಸಿತು. ಶನಿವಾರ ಬೆಳಿಗ್ಗೆ ಹೋಗಿ ಎತ್ತಿಕೊಂಡು ಬಂದರು. ಆಮೇಲೆ ಬೇರೆಯವರ ಸಮಯದಲ್ಲಿ ತಮ್ಮ ಪ್ರಬಂಧದ ಲೆಕ್ಕ ನಡೆಯಿತು. ತಪ್ಪೊಪ್ಪಿಕೊಂಡದ್ದು ಇಪ್ಪತ್ತೈದು ವರ್ಷಗಳ ನಂತರ. ಲೋಕದ ಮೊದಲ ಪಾಸ್‌ವರ್ಡ್ ಕಳ್ಳತನಗಳಲ್ಲಿ ಒಂದು ನಡೆದದ್ದು ಹಣಕ್ಕಲ್ಲ, ಥೀಸಿಸ್ ಮುಗಿಸಲಿಕ್ಕೆ. ಸಂಶೋಧನಾ ವಿದ್ಯಾರ್ಥಿಗಳ ಕಷ್ಟ ಬಲ್ಲವರಿಗೆ ಅಚ್ಚರಿಯಾಗದು.

1966ರಲ್ಲಿ ಅದೇ ಎಂಐಟಿಯಲ್ಲಿ ಇನ್ನೊಂದು ಅವಾಂತರ. ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಅಂದಿನ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿ ಕಾಣತೊಡಗಿತು. ಕಳ್ಳನೇ ಇಲ್ಲದ ಕಳ್ಳತನ. ಇವೆರಡರಿಂದ ಒಂದು ಪಾಠ ಸ್ಪಷ್ಟವಾಯಿತು: ಪಾಸ್‌ವರ್ಡುಗಳನ್ನು ಇದ್ದಂತೆಯೇ ಬರೆದಿಟ್ಟರೆ, ಆ ಪಟ್ಟಿ ಇಂದಲ್ಲ ನಾಳೆ ಯಾರ ಕೈಗಾದರೂ ಸಿಗುತ್ತದೆ.

ಬರೆದಿಡದೆ ಪರೀಕ್ಷಿಸುವುದು ಹೇಗೆ? ಉಪಾಯ ಹೊಳೆದದ್ದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ರೋಜರ್ ನೀಡ್ಹಮ್‌ಗೆ, 1960ರ ದಶಕದ ಕೊನೆಯಲ್ಲಿ. ಇದನ್ನು ಅಡುಗೆಮನೆಯಲ್ಲಿ ವಿವರಿಸುವುದೇ ಸುಲಭ. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸು ಹಾಕಿ ಚಟ್ನಿ ರುಬ್ಬಬಹುದು. ಚಟ್ನಿಯಿಂದ ಕಾಯಿಯನ್ನು ಮರಳಿ ಮಾಡಲಾಗದು. ಕಂಪ್ಯೂಟರ್ ನಿಮ್ಮ ಪಾಸ್‌ವರ್ಡನ್ನು ಗಣಿತದ ಒರಳಿಗೆ ಹಾಕಿ ರುಬ್ಬಿ, ಬಂದ ಚಟ್ನಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ನಾಳೆ ನೀವು ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ರುಬ್ಬಿ, ಎರಡು ಚಟ್ನಿಗಳನ್ನು ಹೋಲಿಸುತ್ತದೆ. ಒಂದೇ ಆಗಿದ್ದರೆ ಬಾಗಿಲು ತೆರೆಯುತ್ತದೆ. ಈ ಚಟ್ನಿಗೆ ಹ್ಯಾಶ್ ಎಂದು ಹೆಸರು. ಈಗ ಪಟ್ಟಿ ಕದ್ದರೂ ಕಳ್ಳನಿಗೆ ಸಿಗುವುದು ಚಟ್ನಿಯೇ ಹೊರತು ಕಾಯಿಯಲ್ಲ.

ಕಳ್ಳನೂ ಸುಮ್ಮನಿರುವವನಲ್ಲ. ನಿಘಂಟಿನ ಒಂದೊಂದು ಪದವನ್ನೂ ತನ್ನ ಮನೆಯಲ್ಲೇ ರುಬ್ಬಿ, ಕದ್ದ ಚಟ್ನಿಗಳ ಜೊತೆ ಹೋಲಿಸಬಹುದು. ಒಂದು ಪದವನ್ನು ಒಮ್ಮೆ ರುಬ್ಬಿದರೆ ಸಾಕು, ಊರಲ್ಲಿ ಆ ಪದ ಇಟ್ಟುಕೊಂಡವರೆಲ್ಲ ಒಟ್ಟಿಗೆ ಸಿಕ್ಕಿಬೀಳುತ್ತಾರೆ. ಇದನ್ನು ತಡೆಯಲು ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಒಂದು ದಾರಿ ಮಾಡಿದರು. ರುಬ್ಬುವ ಮೊದಲು ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸುವುದು. ಅದಕ್ಕೆ ಅವರಿಟ್ಟ ಹೆಸರು ಕೇಳಿದರೆ ನನ್ನ ಚಟ್ನಿಯ ಹೋಲಿಕೆಗೆ ಅನುಮತಿ ಸಿಕ್ಕಂತೆ ಅನಿಸುತ್ತದೆ: ‘ಸಾಲ್ಟ್’, ಉಪ್ಪು. ಮನೆಮನೆಗೆ ಉಪ್ಪು ಬೇರೆಯಾದರೆ ಒಂದೇ ಕಾಯಿಯ ಚಟ್ನಿಯೂ ಬೇರೆಯಾಗುತ್ತದೆ, ಕಳ್ಳ ಮನೆಮನೆಗೂ ಹೊಸದಾಗಿ ರುಬ್ಬಬೇಕು. 1999ರ ಬಿಕ್ರಿಪ್ಟ್ ಮುಂತಾದ ಈಚಿನ ವಿಧಾನಗಳು ಇನ್ನೊಂದು ಜಾಣತನ ಮಾಡಿದವು. ಮಿಕ್ಸಿ ಬಿಟ್ಟು ಮತ್ತೆ ಒರಳಿಗೆ ಬಂದವು. ರುಬ್ಬುವುದನ್ನು ಬೇಕೆಂದೇ ನಿಧಾನ ಮಾಡಿದವು. ಒಮ್ಮೆ ಲಾಗಿನ್ ಆಗುವ ನಿಮಗೆ ಕಾಲು ಸೆಕೆಂಡು ತಡವಾದರೆ ಗೊತ್ತಾಗದು. ಕೋಟಿ ಸಲ ರುಬ್ಬಬೇಕಾದ ಕಳ್ಳನ ಕೈ ಸೋಲುತ್ತದೆ.

ಮಾರಿಸ್ ಮತ್ತು ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕಿಂತ ಸ್ವಾರಸ್ಯದ ಸಂಗತಿಯೊಂದಿದೆ. ಅವರು 3,289 ಪಾಸ್‌ವರ್ಡುಗಳನ್ನು ಕಲೆಹಾಕಿ ನೋಡಿದರು. ಅವುಗಳಲ್ಲಿ 15 ಒಂದೇ ಅಕ್ಷರದವು, 72 ಎರಡಕ್ಷರದವು, 464 ಮೂರಕ್ಷರದವು. ನಾಲ್ಕಕ್ಷರದವು, ಐದಕ್ಷರದವು, ಆರಕ್ಷರದವು, ನಿಘಂಟಿನಲ್ಲೇ ಸಿಗುವವು ಎಲ್ಲ ಸೇರಿದರೆ 2,831. ಅಂದರೆ ನೂರಕ್ಕೆ 86 ಮಂದಿಯ ಬೀಗ ಒಂದು ತಳ್ಳಿಗೆ ಬೀಳುವಂಥದು. ಒರಳು ಎಷ್ಟು ಗಟ್ಟಿಯಾಗಿದ್ದರೇನು, ಹಾಕುವ ಕಾಯಿ ಎಲ್ಲರಿಗೂ ಗೊತ್ತಿದ್ದರೆ?

ಹತ್ತು ವರ್ಷ ತುಂಬುವ ಮೊದಲೇ ಇದಕ್ಕೆ ಸಾಕ್ಷಿ ಅದೇ ಮನೆಯಿಂದ ಬಂತು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬ ತನ್ನಷ್ಟಕ್ಕೆ ತಾನೇ ಹರಡುವ ಪ್ರೋಗ್ರಾಮೊಂದನ್ನು ಅಂತರಜಾಲಕ್ಕೆ ಬಿಟ್ಟ. ತನ್ನ ಊರು ಗೊತ್ತಾಗದಿರಲೆಂದು ಎಂಐಟಿಯ ಕಂಪ್ಯೂಟರಿನಿಂದ ಬಿಟ್ಟ. ಅದು ತಂತ್ರಾಂಶದ ಬಿರುಕುಗಳಲ್ಲಿ ನುಸುಳುತ್ತಿತ್ತು, ಜೊತೆಗೆ ಪಾಸ್‌ವರ್ಡುಗಳನ್ನೂ ಊಹಿಸುತ್ತಿತ್ತು. ಮೊದಲು ಬಳಕೆದಾರರ ಹೆಸರು, ಆಮೇಲೆ ಆ ಹೆಸರನ್ನು ತಿರುವುಮುರುವು ಮಾಡಿ, ಆಮೇಲೆ ತನ್ನ ಜೋಳಿಗೆಯಲ್ಲಿದ್ದ 432 ಪದಗಳು. ಅಷ್ಟು ಸಾಕಾಯಿತು. ಸಾವಿರಾರು ಯಂತ್ರಗಳು ಉಸಿರುಗಟ್ಟಿ ನಿಂತವು. ಆ ಹುಡುಗನ ಹೆಸರು ರಾಬರ್ಟ್ ಟಪ್ಪನ್ ಮಾರಿಸ್. ಹೌದು, ಉಪ್ಪು ಬೆರೆಸಿದ ಮಾರಿಸರ ಮಗ. ಮೂರು ವರ್ಷದ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, 10,050 ಡಾಲರ್ ದಂಡವಾಯಿತು. ಮುಂದೆ ಆತ ಎಂಐಟಿಯಲ್ಲೇ ಪ್ರಾಧ್ಯಾಪಕನಾದದ್ದು ಬೇರೆ ಮಾತು.

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಕಾಲೇಜುಗಳ ಕಡೆ ನೋಡಿದರೆ ನಗು ಬರುತ್ತದೆ, ಆಮೇಲೆ ಭಯವಾಗುತ್ತದೆ. ನಾನು ಓದಿದ ಕಡೆ ಬಳಕೆದಾರರ ಹೆಸರು ರೋಲ್ ನಂಬರ್, ಮೊದಲ ಪಾಸ್‌ವರ್ಡ್ ಹುಟ್ಟಿದ ದಿನಾಂಕ. ಎರಡನ್ನೂ ಒಟ್ಟಿಗೆ ಮುದ್ರಿಸಿದ ದಾಖಲಾತಿ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ತಿಂಗಳುಗಟ್ಟಲೆ ಇತ್ತು. ಮೊದಲ ದಿನವೇ ಬದಲಿಸಿ ಎಂದು ಹೇಳಿದ್ದರು, ನಾವು ಪರೀಕ್ಷೆ ಮುಗಿಯಲಿ ಎಂದುಕೊಂಡೆವು. ಗೆಳೆಯನೊಬ್ಬನ ಐಚ್ಛಿಕ ವಿಷಯ ರಾತ್ರೋರಾತ್ರಿ ಬದಲಾಗಿತ್ತು. ಆಫೀಸಿನಲ್ಲಿ ಗುಮಾಸ್ತರು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ: “ನಿಮ್ಮ ಲಾಗಿನ್ನಿಂದಲೇ ಆಗಿದೆಯಲ್ಲಪ್ಪ, ನಾವೇನು ಮಾಡೋಣ?” ತಮಾಷೆ ಮಾಡಿದವರು ವಾರದ ನಂತರ ಮಸಾಲೆ ದೋಸೆ ಕೊಡಿಸಿ ಒಪ್ಪಿಕೊಂಡರು. ವಿಷಯ ಮಾತ್ರ ಮರಳಿ ಬದಲಾಗಲಿಲ್ಲ. ಅವನು ಬೇಡದ ವಿಷಯವನ್ನೇ ಓದಿ ಪಾಸಾದ.

ಹಾಗಾಗಿ ಖಾತೆ ಕೈಗೆ ಬಂದ ಗಳಿಗೆಯಲ್ಲೇ ಮಾಡಬೇಕಾದ ಕೆಲಸ, ಕೊಟ್ಟ ಪಾಸ್‌ವರ್ಡನ್ನು ಬದಲಿಸುವುದು. ಯಾವುದಕ್ಕೆ? ಒಂದು ಸಣ್ಣ ಗಣಿತ ಮಾಡೋಣ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡುಗಳು ಒಟ್ಟು 26ರ ಎಂಟನೇ ಘಾತದಷ್ಟಿವೆ, ಸುಮಾರು 20,882 ಕೋಟಿ. ದೊಡ್ಡ ಸಂಖ್ಯೆಯೇ. ಆದರೆ ವಿಡಿಯೊ ಗೇಮ್ ಆಡಲು ಮಾರುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ಹಳೆಯ ವೇಗದ ಹ್ಯಾಶ್ ಆಗಿದ್ದರೆ, ಸೆಕೆಂಡಿಗೆ ಸಾವಿರ ಕೋಟಿಗೂ ಹೆಚ್ಚು ಸಲ ರುಬ್ಬಬಲ್ಲದು. ಎಲ್ಲವನ್ನೂ ಮುಗಿಸಲು 21 ಸೆಕೆಂಡು ಬೇಕು. ಇದರ ಬದಲು, 7,776 ಪದಗಳ ಪಟ್ಟಿಯೊಂದರಿಂದ ಲಾಟರಿ ಎತ್ತಿದಂತೆ ಐದು ಪದಗಳನ್ನು ಆರಿಸಿ ಸಾಲಾಗಿ ಇಟ್ಟರೆ, ಅದೇ ಕಾರ್ಡಿಗೆ 90 ವರ್ಷ ಹಿಡಿಯುತ್ತದೆ. ಆರನೆಯ ಪದ ಸೇರಿಸಿ, ಏಳು ಲಕ್ಷ ವರ್ಷ. 7,776 ಯಾಕೆಂದರೆ ಅದು ಐದು ದಾಳಗಳನ್ನು ಒಟ್ಟಿಗೆ ಎಸೆದಾಗ ಬರುವ ಸಾಧ್ಯತೆಗಳ ಸಂಖ್ಯೆ. ದಾಳ ಎಸೆದು ಪದ ಆರಿಸುವ ಈ ವಿಧಾನವನ್ನು ಅರ್ನಾಲ್ಡ್ ರೈನ್ಹೋಲ್ಡ್ 1995ರಲ್ಲಿ ರೂಪಿಸಿದರು, ಡೈಸ್‌ವೇರ್ ಎಂದು ಹೆಸರು.

ಕನ್ನಡದವರು ಇದನ್ನು ಕನ್ನಡದಲ್ಲೇ ಮಾಡಬಹುದು. ಬೆಣ್ಣೆ, ರೈಲು, ಹುಣಸೆ, ಛತ್ರಿ, ಜೇಡ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೂಡಿಸಿ ಬರೆಯಿರಿ. ಛತ್ರಿ ಹಿಡಿದು ರೈಲಿನ ಮೇಲೆ ಬೆಣ್ಣೆ, ಹುಣಸೆ ತಿನ್ನುವ ಜೇಡವನ್ನು ಕಲ್ಪಿಸಿಕೊಂಡರೆ ಮರೆಯುವುದಿಲ್ಲ. (ಇದನ್ನೇ ಇಡಬೇಡಿ, ಅಚ್ಚಾಗಿಬಿಟ್ಟಿದೆ.) ಸಿನಿಮಾ ಹಾಡಿನ ಸಾಲು, ವಚನದ ಸಾಲು, ಮೆಚ್ಚಿನ ನಟನ ಹೆಸರು ಬೇಡ. ನಿಮಗೆ ನೆನಪಿರುವ ಸಾಲು ಊರಿಗೆಲ್ಲ ನೆನಪಿರುತ್ತದೆ. ಮತ್ತು ಈ ಪಾಸ್‌ವರ್ಡನ್ನು ಸಿನಿಮಾ ಟಿಕೆಟ್ ತೆಗೆಯುವ ಜಾಲತಾಣಕ್ಕೂ ಹಾಕಬೇಡಿ. ಅಲ್ಲಿ ಸೋರಿದ್ದನ್ನು ಕಳ್ಳರು ಇಲ್ಲಿ ಪ್ರಯತ್ನಿಸುತ್ತಾರೆ.

ಮೂರು ತಿಂಗಳಿಗೊಮ್ಮೆ ಬದಲಿಸಬೇಕೇ? ಬೇಡ ಎಂಬುದು ಈಗಿನ ತಿಳಿವಳಿಕೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಸೇರಿಸಿ, ಆಗಾಗ ಬದಲಿಸಿ ಎಂಬ ಉಪದೇಶ ಬಹುಮಟ್ಟಿಗೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನ 2003ರ ಕೈಪಿಡಿಯಿಂದ ಹರಡಿತು. ಅದನ್ನು ಬರೆದ ಬಿಲ್ ಬರ್ 2017ರಲ್ಲಿ ತಮ್ಮ ಸಲಹೆಗೆ ತಾವೇ ವಿಷಾದಿಸಿದರು. ಬದಲಿಸಲು ಒತ್ತಾಯಿಸಿದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ, ಅಷ್ಟೆ. ಅದೇ ವರ್ಷ ನಿಸ್ಟ್ ತನ್ನ ನಿಯಮವನ್ನು ತಿದ್ದಿ, ಸೋರಿದೆ ಎಂಬ ಸುಳಿವು ಸಿಕ್ಕಾಗ ಬದಲಿಸಿದರೆ ಸಾಕು ಎಂದಿತು. ನಮ್ಮ ಎಷ್ಟೋ ಸಂಸ್ಥೆಗಳು ಇನ್ನೂ 2003ರಲ್ಲೇ ಇವೆ.

ಎರಡನೆಯ ಬೀಗವನ್ನೂ ಹಾಕಿಕೊಳ್ಳಿ. ಫೋನಿನ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿ ಸಂಖ್ಯೆ ನೋಡಿದ್ದೀರಲ್ಲ, ಅದು ಎಲ್ಲಿಂದಲೋ ಬರುವುದಲ್ಲ. ಆ್ಯಪ್ ಅನ್ನು ಖಾತೆಗೆ ಜೋಡಿಸುವಾಗ ಸರ್ವರ್ ಮತ್ತು ಫೋನು ಒಂದು ಗುಟ್ಟಿನ ಸಂಖ್ಯೆಯನ್ನು ಹಂಚಿಕೊಂಡಿರುತ್ತವೆ. ಆಮೇಲೆ ಇಬ್ಬರೂ ಆ ಗುಟ್ಟನ್ನೂ ಗಡಿಯಾರದ ಹೊತ್ತನ್ನೂ ಸೇರಿಸಿ ರುಬ್ಬುತ್ತಾರೆ; ಒಂದೇ ಹೊತ್ತಿಗೆ ರುಬ್ಬಿದರೆ ಒಂದೇ ಚಟ್ನಿ. ಹಾಗಾಗಿ ಸಿಗ್ನಲ್ ಇಲ್ಲದ ಮಲೆನಾಡಿನ ಮೂಲೆಯಲ್ಲೂ ಅದು ನಡೆಯುತ್ತದೆ, ಫೋನಿನ ಗಡಿಯಾರ ಸರಿಯಿದ್ದರೆ.

ಇಷ್ಟು ಬೀಗ ಹಾಕಿದವರೂ ತಾವಾಗಿಯೇ ಕೀಲಿ ಕೊಟ್ಟುಬಿಡುವುದುಂಟು. “ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಂದೇ ಇಲ್ಲಿ ಲಾಗಿನ್ ಆಗದಿದ್ದರೆ ಖಾತೆ ರದ್ದು” ಎಂಬ ಪತ್ರ ಪ್ರತಿ ಕ್ಯಾಂಪಸ್ಸಿಗೂ ಬರುತ್ತದೆ, ಹೆಚ್ಚಾಗಿ ಫಲಿತಾಂಶದ ಹೊತ್ತಿಗೆ. ಕೊಂಡಿಯನ್ನು ಓದುವ ಕ್ರಮ ಗೊತ್ತಿದ್ದರೆ ಇದರಲ್ಲಿ ಅರ್ಧ ಮೋಸ ತಪ್ಪುತ್ತದೆ. ಅಂಚೆಯ ವಿಳಾಸದಲ್ಲಿ ಊರು ಕೊನೆಗೆ ಬರುವಂತೆ, ಜಾಲದ ವಿಳಾಸದಲ್ಲೂ ಅಸಲಿ ಮನೆತನ ಕೊನೆಗಿರುತ್ತದೆ. ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ. ಭಾರತದ ಹಲವು ವಿಶ್ವವಿದ್ಯಾಲಯಗಳಿಗೆ ‘ಏಸಿ ಡಾಟ್ ಇನ್’ ಎಂಬ ಕೊನೆಯಿರುತ್ತದೆ. ಅದನ್ನು ಎರ್ನೆಟ್ ಇಂಡಿಯಾ ಸಂಸ್ಥೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ಈ ಎರ್ನೆಟ್‌ನದೂ ಒಂದು ಇತಿಹಾಸ: 1986ರಲ್ಲಿ ಆರಂಭವಾಗಿ ನಮ್ಮ ದೇಶಕ್ಕೆ ಅಂತರಜಾಲವನ್ನು ಮೊದಲು ತಂದ ಯೋಜನೆ ಅದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಎಂಟು ಪಾಲುದಾರರಲ್ಲಿ ಒಂದು. ‘ಏಸಿ ಡಾಟ್ ಇನ್’ ಎಂಬುದು ವಿಳಾಸದ ನಡುವೆ ಎಲ್ಲೋ ಬಂದು, ಕೊನೆಯಲ್ಲಿ ಬೇರೇನೋ ಇದ್ದರೆ, ಅದು ಬೇರೆ ಊರು.

ಗೆಳೆಯ ಕೇಳಿದ, ಕೊಟ್ಟೆ ಎನ್ನುವುದು ಇನ್ನೊಂದು ಬಗೆ. ಹಾಸ್ಟೆಲ್ಲಿನಲ್ಲಿ ಟವೆಲು, ಸೋಪು ಹಂಚಿಕೊಂಡ ಹಾಗೆ ಲಾಗಿನ್ನೂ ಹಂಚಿಕೆಯಾಗುತ್ತದೆ. ಕೊಡುವುದಿಲ್ಲ ಎಂದರೆ ಸಂಬಂಧ ಕೆಡುತ್ತದೆ ಎಂಬ ಮುಜುಗರ ನನಗೆ ಗೊತ್ತು. ಇದನ್ನೂ ಗೊತ್ತಿಟ್ಟುಕೊಳ್ಳಿ: ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಖಾತೆಯ ದುರುಪಯೋಗ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2020ರ ಮೇ ತಿಂಗಳನ್ನು ನೋಡಬೇಕು. ಕೋವಿಡ್‌ನ ಮೊದಲ ಅಲೆ. ವಿಜ್ಞಾನಿಗಳು ವೈರಾಣುವಿನ ಲೆಕ್ಕ ಮಾಡಲು ಸೂಪರ್ ಕಂಪ್ಯೂಟರುಗಳ ಮುಂದೆ ಸಾಲುಗಟ್ಟಿದ್ದ ಹೊತ್ತು. ಎಡಿನ್‌ಬರಾ ವಿಶ್ವವಿದ್ಯಾಲಯದ ಆರ್ಚರ್, ಜರ್ಮನಿಯ ಹಲವು ಯಂತ್ರಗಳು, ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಕೇಂದ್ರ ಒಂದರ ಹಿಂದೆ ಒಂದು ಬಾಗಿಲು ಮುಚ್ಚಿದವು. ಕಳ್ಳರು ಒಳಬಂದದ್ದು ಬೇರೆ ಬೇರೆ ವಿಶ್ವವಿದ್ಯಾಲಯಗಳ ಬಳಕೆದಾರರಿಂದ ಕದ್ದ ಎಸ್ಎಸ್ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ವಿಧಾನ) ಲಾಗಿನ್‌ಗಳ ಮೂಲಕ. ಕೆಲವು ಕಡೆ ಅವರು ಮಾಡಿದ್ದು ಮೊನೆರೊ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ. ವಿಜ್ಞಾನದ ಲೆಕ್ಕಕ್ಕೆ ಮೀಸಲಾದ ವಿದ್ಯುತ್ತು ಯಾರದೋ ಜೇಬು ತುಂಬಿತು. ಆರ್ಚರಿನಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡೂ ಕೀಲಿಯೂ ರದ್ದಾದವು. ಎಸ್ಎಸ್ಎಚ್ ಕೀಲಿಗೆ ಎರಡು ಹೋಳು. ಒಂದನ್ನು ಸರ್ವರಿನಲ್ಲಿ ಬಹಿರಂಗವಾಗಿಯೇ ಇಡಬಹುದು. ಇನ್ನೊಂದು ನಿಮ್ಮ ಲ್ಯಾಪ್‌ಟಾಪು ಬಿಟ್ಟು ಕದಲಬಾರದು, ಅದಕ್ಕೂ ಒಂದು ಪಾಸ್‌ವರ್ಡಿನ ಹೊದಿಕೆ ಬೇಕು. ಆ ಹೊದಿಕೆ ಹಾಕಲು ಬೇಸರಪಟ್ಟವರು ಎಲ್ಲ ಊರಲ್ಲೂ ಇದ್ದಾರೆ.

ಕಳ್ಳತನವಿಲ್ಲದೆಯೂ ವಠಾರದ ನೆಮ್ಮದಿ ಕೆಡಿಸಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರ ಆರಂಭದಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೆಕೆಂಡಿಗೆ 3.3 ಪೆಟಾಫ್ಲಾಪ್ ವೇಗದ ಯಂತ್ರ; ಒಂದು ಪೆಟಾಫ್ಲಾಪ್ ಎಂದರೆ ಹತ್ತು ಕೋಟಿ ಕೋಟಿ ಲೆಕ್ಕಗಳು. ಇಂಥ ಯಂತ್ರಕ್ಕೆ ಲಾಗಿನ್ ಆದಾಗ ನೀವು ನಿಲ್ಲುವುದು ಒಳಮನೆಯಲ್ಲಲ್ಲ, ಜಗಲಿಯಲ್ಲಿ. ಅದನ್ನು ಲಾಗಿನ್ ನೋಡ್ ಎನ್ನುತ್ತಾರೆ. ಅಲ್ಲಿ ಪ್ರೋಗ್ರಾಮ್ ತಿದ್ದಿ, ‘ಜಾಬ್ ಹಾಕಿ’, ಕ್ಯೂನಲ್ಲಿ ಕಾಯಬೇಕು. ಸರದಿ ಬಂದಾಗ ಒಳಗಿನ ನೋಡುಗಳಲ್ಲಿ ಅದು ಓಡುತ್ತದೆ. ಕಾಯಲಾರದೆ ಜಗಲಿಯಲ್ಲೇ ಭಾರೀ ಲೆಕ್ಕ ಓಡಿಸುವ ಒಬ್ಬ ಹೊಸಬನಿಂದ ಉಳಿದವರ ಕೀಲಿಮಣೆಯೇ ತಡವರಿಸುತ್ತದೆ. ಮದುವೆಮನೆಯಲ್ಲಿ ಪಂಕ್ತಿಗೆ ಕಾಯದೆ ಅಡುಗೆಮನೆಗೇ ನುಗ್ಗಿದ ಹಾಗೆ.

ನಿಮ್ಮ ಕಡತಗಳ ಬಾಗಿಲನ್ನೂ ಒಮ್ಮೆ ನೋಡಿಕೊಳ್ಳಿ. ಲಿನಕ್ಸ್ ಯಂತ್ರಗಳಲ್ಲಿ ಪ್ರತಿ ಕಡತಕ್ಕೂ ಮೂರಂಕಿಯ ಅನುಮತಿ ಇರುತ್ತದೆ: ಮೊದಲನೆಯದು ನಿಮಗೆ, ಎರಡನೆಯದು ನಿಮ್ಮ ಗುಂಪಿಗೆ, ಮೂರನೆಯದು ಉಳಿದವರಿಗೆ. ಓದಲು 4, ಬರೆಯಲು 2, ಓಡಿಸಲು 1, ಕೂಡಿಸಿಕೊಳ್ಳಿ. ನಿಮ್ಮ ಮನೆಯ, ಅಂದರೆ ಹೋಮ್ ಡೈರೆಕ್ಟರಿಯ, ಅನುಮತಿ 755 ಇದ್ದರೆ ಯಾರು ಬೇಕಾದರೂ ಒಳಗೆ ಇಣುಕಬಹುದು, 700 ಇದ್ದರೆ ನೀವು ಮಾತ್ರ. ಅಸೈನ್‌ಮೆಂಟು ಕಾಪಿ ಹೊಡೆದವನಷ್ಟೇ ಅಲ್ಲ, ಹೊಡೆಸಿಕೊಂಡವನೂ ವಿಚಾರಣೆಗೆ ನಿಲ್ಲಬೇಕಾಗುವುದು ಈ ಮೂರಂಕಿಯಿಂದ.

ಗ್ರಂಥಾಲಯದ ಮಾತಿಗೆ ಬಂದರೆ ನನ್ನ ಮನಸ್ಸು ಎರಡಾಗುತ್ತದೆ. 2010ರ ಶರತ್ಕಾಲದಲ್ಲಿ ಆರನ್ ಸ್ವಾರ್ಟ್ಜ್ ಎಂಬ ಪ್ರತಿಭಾವಂತ ಯುವಕ ಎಂಐಟಿಯ ಜಾಲಕ್ಕೆ ಅತಿಥಿಯಾಗಿ ಸೇರಿ, ಜೆಸ್ಟೋರ್ ಸಂಗ್ರಹದಿಂದ ಲಕ್ಷಗಟ್ಟಲೆ ಸಂಶೋಧನಾ ಲೇಖನಗಳನ್ನು ತಂತಾನೇ ಇಳಿಸಿಕೊಳ್ಳುವ ಪ್ರೋಗ್ರಾಮ್ ಓಡಿಸಿದ. ಜ್ಞಾನ ಎಲ್ಲರದಾಗಬೇಕೆಂಬ ಹಂಬಲ ಅವನದು. ಜೆಸ್ಟೋರ್ ಅವನೊಡನೆ ರಾಜಿಯಾಯಿತು, ಅಮೆರಿಕದ ಸರ್ಕಾರಿ ವಕೀಲರು ಬಿಡಲಿಲ್ಲ. ದಶಕಗಳ ಸೆರೆವಾಸದ ಬೆದರಿಕೆಯ ನೆರಳಲ್ಲಿ 2013ರ ಜನವರಿ 11ರಂದು, 26ನೇ ವಯಸ್ಸಿನಲ್ಲಿ ಅವನು ಪ್ರಾಣ ಕಳೆದುಕೊಂಡ. ಆ ಮೊಕದ್ದಮೆ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಆದರೂ 2010ರ ಅಕ್ಟೋಬರಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಬಿಟ್ಟುಬಿಡಲಾಗದು. ಇಳಿಕೆ ಮಿತಿಮೀರಿದಾಗ ಜೆಸ್ಟೋರ್ ಇಡೀ ಎಂಐಟಿಯ ಪ್ರವೇಶವನ್ನೇ ಕೆಲವು ದಿನ ಕಡಿದುಹಾಕಿತು. ಏನೂ ಅರಿಯದ ಸಾವಿರಾರು ವಿದ್ಯಾರ್ಥಿಗಳಿಗೆ ಲೇಖನಗಳು ಸಿಗಲಿಲ್ಲ.

ಇದು ನಮಗೀಗ ದೂರದ ಮಾತಲ್ಲ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದೆ. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಸಿಗುವ ಪತ್ರಿಕೆ ಈಗ ಜಿಲ್ಲಾ ಕೇಂದ್ರದ ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಸಿಗಬಹುದು. ನನ್ನ ಕಾಲದಲ್ಲಿ ಒಂದು ಲೇಖನಕ್ಕಾಗಿ ರಾತ್ರಿ ಬಸ್ಸು ಹತ್ತುತ್ತಿದ್ದವರಿದ್ದರು. ಬೇಕಾದಷ್ಟು ಓದಿ, ಇಳಿಸಿಕೊಳ್ಳಿ. ಇಡೀ ಸಂಪುಟಗಳನ್ನು ಬಾಚಲು ಪ್ರೋಗ್ರಾಮ್ ಬಿಡಬೇಡಿ. ಪ್ರಕಾಶಕರ ಸರ್ವರಿಗೆ ಕಾಣುವುದು ನಿಮ್ಮ ಮುಖವಲ್ಲ, ಕ್ಯಾಂಪಸ್ಸಿನ ವಿಳಾಸ. ಅದನ್ನು ಮುಚ್ಚಿದರೆ ಎಲ್ಲರಿಗೂ ಮುಚ್ಚಿದಂತೆ.

ಕೊನೆಗೆ ಹೊರಡುವ ದಿನ. ಸ್ಟಾಲ್ ಕಂಡ ಕಳ್ಳನಿಗೆ ಒಡೆಯ ಊರಲ್ಲಿಲ್ಲದ ಖಾತೆ ಎಷ್ಟು ಅನುಕೂಲವಾಯಿತು ನೆನಪಿದೆಯಲ್ಲ. ಓದು ಮುಗಿದ ಮೇಲೆ ಯಾರೂ ನೋಡದ ಖಾತೆ ಬೀಗವಿಲ್ಲದ ಪಾಳು ಮನೆಯಿದ್ದಂತೆ. ಆ ಇಮೇಲಿಗೆ ಜೋಡಿಸಿದ ಬ್ಯಾಂಕು, ಡಿಜಿಲಾಕರ್, ಕೆಲಸದ ಅರ್ಜಿಗಳನ್ನು ಮೊದಲೇ ನಿಮ್ಮ ಸ್ವಂತ ವಿಳಾಸಕ್ಕೆ ಬದಲಿಸಿಕೊಳ್ಳಿ. ಥೀಸಿಸ್ಸಿನ ಪ್ರತಿ, ಮಾರ್ಗದರ್ಶಕರ ಪತ್ರಗಳು, ನಾಲ್ಕು ವರ್ಷದ ಫೋಟೊಗಳನ್ನು ಇಳಿಸಿಕೊಳ್ಳಿ. ನೋ ಡ್ಯೂ ಫಾರಂ ಹಿಡಿದು ಗ್ರಂಥಾಲಯ, ಹಾಸ್ಟೆಲು, ಲ್ಯಾಬು ಎಂದು ಸಹಿಗಾಗಿ ಅಲೆಯುವಾಗ ಕಂಪ್ಯೂಟರ್ ಕೇಂದ್ರಕ್ಕೂ ಹೋಗುತ್ತೀರಿ. ಅಲ್ಲಿ ಸಹಿಯೊಂದನ್ನೇ ಕೇಳಿ ಬರಬೇಡಿ. ನನ್ನ ಖಾತೆಯನ್ನು ಯಾವ ದಿನ ಮುಚ್ಚುತ್ತೀರಿ ಎಂದೂ ಕೇಳಿ, ಆ ದಿನಾಂಕವನ್ನು ಬರೆಸಿಕೊಂಡು ಬನ್ನಿ.